ನಾಲ್ಕು ಕೂಸುಗಳ ಲೆಕ್ಕ
2018ರ ಮೇ ತಿಂಗಳಲ್ಲಿ ಬೋಟ್ಸ್‌ವಾನಾದಿಂದ ಬಂದ ಒಂದು ಅಂಕಿ ಎಚ್‌ಐವಿ ಇರುವ ಹೆಣ್ಣುಮಕ್ಕಳನ್ನು ಕಂಗೆಡಿಸಿತು. ಎಚ್‌ಐವಿಗೆ ಕೊಡುವ ಡೊಲುಟೆಗ್ರಾವಿರ್ ಮಾತ್ರೆ ನುಂಗುತ್ತಿದ್ದಾಗಲೇ ಗರ್ಭ ನಿಂತವರ 426 ಹೆರಿಗೆಗಳಲ್ಲಿ ನಾಲ್ಕು ಕೂಸುಗಳಿಗೆ ನರಕೊಳವೆಯ ದೋಷ. ಬೆನ್ನುಹುರಿಯೋ ತಲೆಬುರುಡೆಯೋ ಸರಿಯಾಗಿ ಮುಚ್ಚಿಕೊಂಡಿರಲಿಲ್ಲ. ಆ ಕೊಳವೆ ಮುಚ್ಚುವುದು ಗರ್ಭ ನಿಂತ ಮೊದಲ 28 ದಿನಗಳೊಳಗೆ, ಎಷ್ಟೋ ಹೆಂಗಸರಿಗೆ ತಾವು ಬಸುರಿ ಎಂದು ಗೊತ್ತಾಗುವ ಮುಂಚೆಯೇ. ಹಲವು ದೇಶಗಳು ಹೆರುವ ವಯಸ್ಸಿನವರಿಗೆಲ್ಲ ಆ ಒಳ್ಳೆಯ ಮಾತ್ರೆಯನ್ನೇ ತಡೆಹಿಡಿದವು. ಜುಲೈನಲ್ಲಿ ಕಿಗಾಲಿಯಲ್ಲಿ ಸೇರಿದ ಆಫ್ರಿಕಾದ ಎಚ್‌ಐವಿ ಸೋಂಕಿತ ಮಹಿಳೆಯರು, ಅಪಾಯವನ್ನು ತಿಳಿಸಿ, ಆಯ್ಕೆಯನ್ನು ನಮಗೆ ಬಿಡಿ ಎಂದು ಪಟ್ಟುಹಿಡಿದರು. ನ್ಯಾಯ ಅವರ ಕಡೆಗಿತ್ತು ಎಂದೇ ನನ್ನ ನಂಬಿಕೆ. ಅತ್ತ ಬೋಟ್ಸ್‌ವಾನಾದ ಆಸ್ಪತ್ರೆಗಳಲ್ಲಿ ಹೆರಿಗೆ ಮಾಡಿಸುವ ದಾದಿಯರು ಹುಟ್ಟಿದ ಕೂಸುಗಳ ತಲೆ, ಬೆನ್ನು, ಕೈಕಾಲು ನೋಡಿ ಬರೆದಿಡುತ್ತಲೇ ಹೋದರು. ಹೆರಿಗೆಗಳ ಸಂಖ್ಯೆ ಬೆಳೆದಂತೆ ಶೇ. 0.94 ಇದ್ದ ಪ್ರಮಾಣ 2022ರ ಹೊತ್ತಿಗೆ ಶೇ. 0.11ಕ್ಕೆ ಇಳಿದಿತ್ತು, ಬೇರೆ ಔಷಧಿ ತೆಗೆದುಕೊಂಡವರಲ್ಲೂ ಹೆಚ್ಚುಕಡಿಮೆ ಅಷ್ಟೇ. ಎಚ್‌ಐವಿಗೆ ಚಿಕಿತ್ಸೆ ಕೊಡುವ ನಮ್ಮ ಎಆರ್‌ಟಿ ಕೇಂದ್ರಗಳಲ್ಲೂ ಈಗ ಕೊಡುವುದು ಡೊಲುಟೆಗ್ರಾವಿರ್ ಇರುವ ಮಾತ್ರೆಯನ್ನೇ. ಬಸುರಿ ಎಂದು ಗೊತ್ತಾದೊಡನೆ ಯಾರದೋ ಮಾತು ಕೇಳಿ ಅದನ್ನು ನಿಲ್ಲಿಸಬೇಡಿ ತಾಯಂದಿರೇ; ಚಿಕಿತ್ಸೆಯೇ ಇಲ್ಲದಿದ್ದರೆ ಕೂಸಿಗೆ ಸೋಂಕು ತಗಲುವ ಸಂಭವ ಶೇ. 15ರಿಂದ 45.