ಕಾಲು ಕೈಕೊಟ್ಟ ಆಟಗಾರ

1988ರ ಜೂನ್ 25ರಂದು ಮ್ಯೂನಿಕ್ ನಗರದ ಒಲಿಂಪಿಕ್ ಕ್ರೀಡಾಂಗಣದಲ್ಲಿ ಯೂರೋಪಿನ ರಾಷ್ಟ್ರಗಳ ಫುಟ್‌ಬಾಲ್ ಪಂದ್ಯಾವಳಿಯ ಅಂತಿಮ ಪಂದ್ಯ. ಸೋವಿಯತ್ ಒಕ್ಕೂಟದ ಎದುರು ಹಾಲೆಂಡ್ ಒಂದು ಗೋಲಿನಿಂದ ಮುಂದಿತ್ತು. ಎಡಗಡೆಯಿಂದ ಆರ್ನಾಲ್ಡ್ ಮ್ಯೂರೆನ್ ಎತ್ತರಕ್ಕೆ ಒದ್ದ ಚೆಂಡು ಮೈದಾನವನ್ನು ಹಾಯ್ದು ಬಲಗಡೆಗೆ ಇಳಿಯತೊಡಗಿತು. ಅಲ್ಲಿಂದ ಗೋಲಿನ ಬಾಯಿ ಕಾಣುವುದೇ ದುರ್ಲಭ. ಲೆಕ್ಕ ಬಲ್ಲವನು ಚೆಂಡನ್ನು ತಡೆದು ಜೊತೆಯವರಿಗಾಗಿ ಕಾಯುತ್ತಾನೆ. ಮಾರ್ಕೊ ಫಾನ್ ಬಾಸ್ಟೆನ್ ಕಾಯಲಿಲ್ಲ. ಚೆಂಡು ನೆಲ ಮುಟ್ಟುವ ಮೊದಲೇ ಬಲಗಾಲನ್ನು ಬೀಸಿದನು. ದಸಾಯೆವ್‌ನಂಥ ಹೆಸರಾಂತ ಗೋಲುರಕ್ಷಕನ ತಲೆಯ ಮೇಲಿಂದ ಹಾರಿದ ಚೆಂಡು ಆಚೆಯ ಕಂಬದ ಮಗ್ಗುಲಲ್ಲಿ ಬಲೆಯನ್ನು ಸೇರಿತು. ಹಾಲೆಂಡಿನ ತರಬೇತುದಾರ ರೀನಸ್ ಮಿಕೆಲ್ಸ್ ನಂಬಲಾರದೆ ಮುಖದ ಮೇಲೆ ಕೈಯಿಟ್ಟುಕೊಂಡರು.

ಇದಕ್ಕೆ ಕೆಲವೇ ತಿಂಗಳ ಹಿಂದೆ ಆತನ ಪಾದದ ಕೀಲಿಗೆ ಶಸ್ತ್ರಚಿಕಿತ್ಸೆಯಾಗಿತ್ತೆಂಬುದನ್ನು ನೆನೆದಾಗ ಆ ಗೋಲು ಇನ್ನಷ್ಟು ಅಚ್ಚರಿಯದಾಗುತ್ತದೆ.

ಆತ ಹುಟ್ಟಿದುದು ಉಟ್ರೆಕ್ಟಿನಲ್ಲಿ, 1964ರಲ್ಲಿ. 1982ರಲ್ಲಿ, ಹದಿನೇಳರ ಹರೆಯದಲ್ಲಿ, ಅಯಾಕ್ಸ್ ತಂಡದ ಪರವಾಗಿ ಮೊದಲ ಬಾರಿಗೆ ಕಣಕ್ಕಿಳಿದನು. ಮೈದಾನವನ್ನು ಬಿಟ್ಟು ಆತನಿಗೆ ಎಡೆಗೊಟ್ಟವನು ಸಾಕ್ಷಾತ್ ಯೋಹಾನ್ ಕ್ರೈಫ್! ಆ ದಿನವೇ ಒಂದು ಗೋಲು. ಪಟ್ಟಾಭಿಷೇಕಕ್ಕೆ ಇದಕ್ಕಿಂತ ಒಳ್ಳೆಯ ಮುಹೂರ್ತ ಬೇರೆ ಬೇಕೆ? ಅಯಾಕ್ಸ್‌ಗಾಗಿ ಆಡಿದ 133 ಲೀಗ್ ಪಂದ್ಯಗಳಲ್ಲಿ 128 ಗೋಲು ಹೊಡೆದನು. 1987ರಲ್ಲಿ ಇಟಲಿಯ ಮಿಲಾನ್ ತಂಡವನ್ನು ಸೇರಿ, ಯೂರೋಪಿನ ಶ್ರೇಷ್ಠ ಆಟಗಾರನೆಂಬ ಗೌರವವನ್ನು 1988, 1989, 1992ರಲ್ಲಿ ಮೂರು ಬಾರಿ ಪಡೆದನು. ಆರಡಿ ಮೀರಿದ ಆಳು. ನಡೆಯಲ್ಲಿ ಮಾತ್ರ ನರ್ತಕನ ಲಾಘವ.

ಇಂಥವನನ್ನು ನ್ಯಾಯವಾಗಿ ತಡೆಯಲಾರದವರು ಹಿಂದಿನಿಂದ ಎರಗಿ ಕಾಲಿಗೇ ಒದೆಯುತ್ತಿದ್ದರು. ಎದುರಾಳಿಗೆ ಅಪಾಯವಾಗುವಂತೆ ಹಾಗೆ ಎರಗುವವನನ್ನು ಮೈದಾನದಿಂದ ಹೊರಗಟ್ಟಬೇಕೆಂಬ ಕಟ್ಟುನಿಟ್ಟಿನ ನಿಯಮ ಬಂದುದು 1998ರಲ್ಲಿ. ಅಷ್ಟರಲ್ಲಿ ಫಾನ್ ಬಾಸ್ಟೆನ್ನನ ಆಟ ಮುಗಿದೇ ಹೋಗಿತ್ತು.

1992ರ ನವೆಂಬರಿನಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್ ತಂಡದ ವಿರುದ್ಧ ಒಂದೇ ಪಂದ್ಯದಲ್ಲಿ ನಾಲ್ಕು ಗೋಲು; ಮರುತಿಂಗಳು ಮತ್ತೆ ಶಸ್ತ್ರಚಿಕಿತ್ಸೆ. 1993ರ ಮೇ 26ರಂದು ಫ್ರಾನ್ಸಿನ ಮಾರ್ಸೇಯ ತಂಡದೆದುರು ಮಿಲಾನ್ ಸೋತಿತು. ಅದೇ ಮ್ಯೂನಿಕ್, ಅದೇ ಕ್ರೀಡಾಂಗಣ. ಆತನಿಗಾಗ 28 ವರ್ಷ. ಮುಂದೆ ಆತ ಒಂದು ಅಧಿಕೃತ ಪಂದ್ಯವನ್ನೂ ಆಡಲಿಲ್ಲ. ರಾತ್ರಿಯ ವೇಳೆ ಬಚ್ಚಲುಮನೆಗೂ ತೆವಳಿಕೊಂಡು ಹೋಗಬೇಕಾಗಿದ್ದ ಆ ದಿನಗಳನ್ನು 2019ರ ಆತ್ಮಕಥೆಯಲ್ಲಿ ಆತನೇ ಹೇಳಿಕೊಂಡಿದ್ದಾನೆ.

ಎರಡು ವರ್ಷಗಳ ಚಿಕಿತ್ಸೆ ಫಲಿಸದೆ, 1995ರ ಆಗಸ್ಟಿನಲ್ಲಿ ವಿದಾಯ ಹೇಳಿದನು. ಮಿಲಾನಿನ ಮೈದಾನದಲ್ಲಿ, ಆಟದ ಉಡುಪಿಲ್ಲದೆ, ಜನರತ್ತ ಕೈತಟ್ಟುತ್ತ ಒಂದು ಸುತ್ತು ಬಂದನು. ಕಟ್ಟುನಿಟ್ಟಿಗೆ ಹೆಸರಾದ ತರಬೇತುದಾರ ಫಾಬಿಯೊ ಕಪೆಲ್ಲೊ ಅದನ್ನು ನೋಡುತ್ತ ಕಣ್ಣೀರು ಹಾಕಿದರು.