ಮದ್ದಿನ ಮುಂದ ಚಿಮಣಿ ಬ್ಯಾಡ

ಅಕ್ಕಾರ, ವೈನ್ಯಾರ, ಈ ಮಾತು ಗಂಡಸರಿಗೆ ಸಿಟ್ಟು ತರಸ್ತೈತಿ. ತರಸ್ಲಿ.

ಹ್ವಾದ ವಾರ ಶಿರಹಟ್ಟಿ ಕಡೆ ತವರಿಗೆ ಹೋಗಿದ್ದೆ. ಕಪ್ಪತಗುಡ್ಡದ ಅಂಚಿನ ಹೊಲ. ಶೇಂಗಾ ಕಾಯಿ ಹಿಡಿಯೂದ ತಡ, ಹಂದಿ ಹಿಂಡು ಬರ್ತಾವ. ಕಾಕಾನ ಕಡೆ ಲೈಸೆನ್ಸಿನ ಹಳೇ ಬಂದೂಕು ಐತಿ. ಅದಕ್ಕ ನಂದೇನೂ ತಕರಾರಿಲ್ಲ. ಆದ್ರ ಕರೆಂಟು ಹೋದ ಹೊತ್ತಿನ್ಯಾಗ ಪಡಸಾಲ್ಯಾಗ ಚಿಮಣಿ ಹಚ್ಚಿಟ್ಕೊಂಡು ಕರೇ ಮದ್ದು ಅಳೀಲಿಕ್ಕತ್ತಿದ್ದ. ಬಾಯಾಗ ಬೀಡಿ. ಮಗ್ಗಲ್ದಾಗ ಮೊಮ್ಮಗ ಕೌದಿ ಹೊದ್ದು ಮಲಗಿತ್ತು.

"ಮೂವತ್ತು ವರ್ಷ ಮಾಡೇನಿ, ಏನಾತು?" ಅಂದ. ಅದು ನಿನ್ನ ನಸೀಬ, ಕಾಕಾ. 2023ರ ಅಕ್ಟೋಬರ್ 7ಕ್ಕ ಅತ್ತಿಬೆಲ್ಯಾಗ ಪಟಾಕಿ ಗೋದಾಮಿಗೆ ಬೆಂಕಿ ಬಿದ್ದು ಹದಿನಾಲ್ಕಕ್ಕಿಂತ ಹೆಚ್ಚು ಮಂದಿ ಹೋದ್ರು. ಪಟಾಕ್ಯಾಗಿಂದೂ ಇದರ ಕುಲದ ಮದ್ದ.

ಒಲಿ ಬೆಂಕಿ ಮ್ಯಾಲೆ ಹಸೀ ಗೋಣಿಚೀಲ ಒಗದ್ರ ಉಸಿರು ಕಟ್ಟಿ ಆರತೈತಿ. ಮದ್ದು ಹಂಗ ಆರೂದಿಲ್ಲ. ಇದ್ದಲಿ, ಗಂಧಕದ ಕೂಡ ಅದರಾಗ ಪೆಟ್ಲುಪ್ಪು ಇರ್ತೈತಿ. ಉರಿಯಾಕ ಬೇಕಾದ ಗಾಳಿ ಆ ಉಪ್ಪಿನ್ಯಾಗ ಐತಿ. ನೀರು ತರೋತನಕ ಎಲ್ಲಾ ಮುಗದಿರ್ತೈತಿ.

ಹಿಂದಿನ ಯುದ್ಧದ ಹಡಗಿನ್ಯಾಗ ಮದ್ದಿನ ಖೋಲಿಗೆ ದೀಪಾನ ಗಾಜಿನ ಆಚಿ ಕಡೆ ಇಟ್ಟು ಬೆಳಕಷ್ಟ ಒಳಗ ಬಿಡ್ತಿದ್ರಂತ. ನಮ್ಮ ಹಿರ್ಯಾರಿಗೆ ಇಷ್ಟು ತಿಳೀಬಾರದ? ಹಗಲು ಹೊತ್ತಿನ್ಯಾಗ, ಮನಿ ಬಿಟ್ಟು ದೂರ ಕುಂತು ಮಾಡ್ಲಿ.

ಇನ್ನ, ಚೆಲ್ಲಿದ್ದನ್ನ ಮರುದಿನ ಮುಂಜಾನೆ ಕಸದ ಕೂಡ ಗುಡಿಸಿ ನೀರೊಲಿಗೆ ಹಾಕೋರು ಯಾರು? ನಾವ. ಸುಡೋ ಮಾರಿನೂ ನಮ್ದ.

ಅವತ್ತ ನಾನು ಚಿಮಣಿ ಎತ್ಕೊಂಡು ಒಳಗ ಹೋದೆ. ಕಾಕಾ ಎರಡು ದಿನ ಮಾತಾಡ್ಲಿಲ್ಲ.