ಸೊಕ್ಕು ಮುರಿಯೋದು ಕಾಮಿಡಿ ಅಲ್ಲ

1/7
ಮೊದಲೇ ಹೇಳ್ಬಿಡ್ತೀನಿ, ಇದು ಉದ್ದ ಐತೆ. ಅವಸರ ಇದ್ದೋರು ಮುಂದಕ್ಕೆ ಹೋಗ್ರಿ, ಬೇಜಾರಿಲ್ಲ. ಉಳಿದೋರು ಕೂತ್ಕೊಳ್ರಿ.

ವಿಷಯ ಹಳೇ ಕನ್ನಡ ಕಾಮಿಡಿ. ಗ್ರೂಪಲ್ಲಿ ಪದೇ ಪದೇ ಬರೋ ಕ್ಲಿಪ್‌ಗಳು ಗೊತ್ತಲ್ಲ? ಜೋರು ಮಾತಿನ ಹುಡುಗಿ, ಅವಳಿಗೆ ‘ಬುದ್ಧಿ ಕಲಿಸೋ’ ಹೀರೋ, ಕೆಳಗೆ ನಗೋ ಮುಖಗಳ ಸಾಲು. ಮೇಲೆ ಒಂದು ಕ್ಯಾಪ್ಷನ್: ‘ಹಳೇ ಸಿನಿಮಾನೇ ಚಂದ.’

ಹಳೇ ಸಿನಿಮಾ ಚಂದ, ಒಪ್ತೀನಿ. ಯಾವ ಹಳೇ ಸಿನಿಮಾ ಅನ್ನೋದೇ ನನ್ನ ತಕರಾರು. ಗಂಡು-ಹೆಣ್ಣು ಜಗಳ ಆಡೋ ಕಾಮಿಡಿಯಲ್ಲಿ ಎರಡು ಥರ. ಒಂದರಲ್ಲಿ ಇಬ್ಬರೂ ಸೋಲ್ತಾರೆ. ಇನ್ನೊಂದರಲ್ಲಿ ಅವಳೊಬ್ಬಳೇ ಸೋಲ್ತಾಳೆ. ಮೊದಲನೇದು ಕಾಮಿಡಿ. ಎರಡನೇದು ಶಿಕ್ಷೆ, ಹಿಂದೆ ತಮಾಷೆ ಮ್ಯೂಸಿಕ್ ಹಾಕಿರ್ತಾರೆ ಅಷ್ಟೇ.

2/7
ಮೊದಲನೇ ಥರಕ್ಕೆ ಹಾಲಿವುಡ್ಡಿನೋರು ‘ಸ್ಕ್ರೂಬಾಲ್ ಕಾಮಿಡಿ’ ಅಂತ ಹೆಸರಿಟ್ಟರು. ಬೇಸ್‌ಬಾಲ್‌ನಲ್ಲಿ ಮಾಮೂಲಿ ತಿರುವಿಗೆ ಉಲ್ಟಾ ತಿರುಗೋ ಎಸೆತ ಅದು. ನಮಗೆ ಅರ್ಥ ಆಗೋ ಹಂಗೆ ಗೂಗ್ಲಿ ಅಂದ್ಕೊಳ್ರಿ.

1934ರ ‘ಇಟ್ ಹ್ಯಾಪನ್ಡ್ ಒನ್ ನೈಟ್’ ಇದಕ್ಕೆ ದೊಡ್ಡ ಉದಾಹರಣೆ. ಅಪ್ಪನಿಂದ ತಪ್ಪಿಸ್ಕೊಂಡ ಶ್ರೀಮಂತರ ಮಗಳು, ಕೆಲಸ ಕಳ್ಕೊಂಡ ಪತ್ರಕರ್ತ, ಇಬ್ಬರೂ ಒಂದೇ ಬಸ್ಸಲ್ಲಿ. ರೋಡಲ್ಲಿ ಕಾರು ನಿಲ್ಲಿಸೋದು ಹೆಂಗೆ ಅಂತ ಅವನು ಹೆಬ್ಬೆರಳು ತೋರಿಸಿ ದೊಡ್ಡ ಪಾಠ ಮಾಡ್ತಾನೆ. ಒಂದು ಕಾರೂ ನಿಲ್ಲಲ್ಲ. ಅವಳು ಲಂಗ ಚೂರು ಎತ್ತಿ ಕಾಲು ತೋರಿಸ್ತಾಳೆ, ಗಕ್ಕಂತ ಬ್ರೇಕು. ಹಂಗಂತ ಅವಳೇನು ಜಾಣೆ ಅಲ್ಲ, ಕೈಯಲ್ಲಿರೋ ದುಡ್ಡು ಸಂಭಾಳಿಸೋಕೂ ಅವಳಿಗೆ ಬರಲ್ಲ. ಒಂದು ಸಲ ಅವನು ಪೆದ್ದ, ಒಂದು ಸಲ ಅವಳು ಪೆದ್ದಿ. ಇದೇ ಕಥೆ ಹಿಂದಿಯಲ್ಲಿ ‘ಚೋರಿ ಚೋರಿ’ (1956) ಆಯ್ತು, ಸುತ್ತಿ ಬಳಸಿ ನಮ್ಮಲ್ಲಿ ಗಣೇಶ್ ಅವರ ‘ಹುಡುಗಾಟ’ (2007) ಆಯ್ತು.

ಬಿಕಾಂನೋರಿಗೆ ಬೇಗ ಹೊಳೆಯೋ ಹಂಗೆ ಹೇಳ್ತೀನಿ: ಇದು ಡಬಲ್ ಎಂಟ್ರಿ. ಒಂದು ಕಡೆ ಡೆಬಿಟ್ ಬಿದ್ರೆ ಇನ್ನೊಂದು ಕಡೆ ಕ್ರೆಡಿಟ್ ಬೀಳಲೇಬೇಕು. ಲೆಕ್ಕ ಟ್ಯಾಲಿ ಆಗುತ್ತೆ, ನಗು ಬರುತ್ತೆ.

3/7
ಕನ್ನಡದಲ್ಲಿ ಇಂಥದ್ದು ಬೇಕಂದ್ರೆ ‘ಗಣೇಶನ ಮದುವೆ’ ನೋಡ್ರಿ. 1990, ನಿರ್ದೇಶನ ಫಣಿ ರಾಮಚಂದ್ರ. ಆಮೇಲೆ ‘ದಂಡಪಿಂಡಗಳು’ ಸೀರಿಯಲ್ ಮಾಡಿದೋರೂ ಇವರೇ.

ಒಂದು ವಠಾರ. ಓನರ್ ರಮಣಮೂರ್ತಿ (ಮುಖ್ಯಮಂತ್ರಿ ಚಂದ್ರು), ಬಾಡಿಗೆದಾರ ಗಣೇಶ (ಅನಂತ್ ನಾಗ್). ಇಬ್ಬರದೂ ಎಣ್ಣೆ-ಸೀಗೆಕಾಯಿ ಸಂಬಂಧ. ಓನರ್ ಮಗಳು ಆದಿಲಕ್ಷ್ಮಿ (ವಿನಯಾ ಪ್ರಸಾದ್) ಕಂಡ್ರೆ ಗಣೇಶನಿಗೆ ಉರಿ, ಅವಳಿಗೂ ಅವನು ಕಂಡ್ರೆ ಉರಿ. ಇದೇ ಗಣೇಶ ಶ್ರುತಿ ಅನ್ನೋ ಹಾಡುಗಾರ್ತಿಯ ದನಿಗೆ ಮರುಳಾಗಿ ಕಾಗದ ಬರೀತಾನೆ. ಅವಳೂ ಬರೀತಾಳೆ. ಮುಖ ನೋಡದೇನೇ ಪ್ರೀತಿ. ಶ್ರುತಿ ಯಾರು? ಆದಿಲಕ್ಷ್ಮಿನೇ. (ಮೂವತ್ತು ವರ್ಷ ದಾಟಿದ ಸಿನಿಮಾಕ್ಕೆ ಸ್ಪಾಯ್ಲರ್ ಅಂತ ಬೈಬ್ಯಾಡ್ರಿ.)

1940ರಲ್ಲಿ ಬಂದ ಲುಬಿಟ್ಷ್ ಅವರ ‘ದಿ ಶಾಪ್ ಅರೌಂಡ್ ದಿ ಕಾರ್ನರ್’ನಲ್ಲೂ ಇದೇ ಗಂಟು. ಬುಡಾಪೆಸ್ಟಿನ ಒಂದು ಅಂಗಡಿಯ ಇಬ್ಬರು ನೌಕರರು ಎದುರಿಗೆ ಕಚ್ಚಾಡ್ತಾರೆ, ಕಾಗದದಲ್ಲಿ ಪ್ರೀತಿಸ್ತಾರೆ.

ಈ ಗಂಟಿನ ಮಜಾ ಏನು? ಅವರಿಬ್ಬರಿಗೆ ಗೊತ್ತಿಲ್ಲದ್ದು ನಮಗೆ ಗೊತ್ತು. ಬೆಳಿಗ್ಗೆ ಬೈದ ಹುಡುಗಿಗೇ ಸಂಜೆ ಕಾಗದ ಬರೀತಾನೆ, ಅವಳ ಕಥೆನೂ ಅದೇ. ಅದಕ್ಕೆ ಇಬ್ಬರನ್ನೂ ನೋಡಿ ನಗ್ತೀವಿ. ಕಾಗದದಲ್ಲಿ ಓನರ್ ಮಗಳೂ ಇಲ್ಲ, ಬಾಡಿಗೆದಾರನೂ ಇಲ್ಲ, ಇಬ್ಬರದೂ ಒಂದೇ ಎತ್ತರ. ಗುಟ್ಟು ಬಯಲಾದಾಗ ಇಬ್ಬರ ಮುಖಭಂಗನೂ ಒಂದೇ ತೂಕ. ಯಾರೂ ಯಾರ ಸೊಕ್ಕನ್ನೂ ಮುರಿಯೋದು ಬೇಕಾಗಲ್ಲ, ತಾನೇ ಕರಗುತ್ತೆ.

ಅನಂತ್ ನಾಗ್‌ಗೆ ಆಗ ನಲವತ್ತು ದಾಟಿತ್ತು. ಸಿಕ್ಸ್ ಪ್ಯಾಕ್ ಇಲ್ಲ, ಸ್ಲೋ ಮೋಷನ್ ಎಂಟ್ರಿ ಬೇಕಾಗಿಲ್ಲ. ಮಾತಿನ ಟೈಮಿಂಗ್ ಒಂದರಲ್ಲೇ ಹೊಡೀತಾರೆ.

4/7
ಈಗ ಕಲ್ಲು ಬೀಳೋ ಜಾಗಕ್ಕೆ ಬಂದೆ: ‘ನಂಜುಂಡಿ ಕಲ್ಯಾಣ’, 1989. ಅಪ್ಪು ಪ್ರತಿಮೆ ನಿಲ್ಲಿಸಿರೋ ಊರು ನಮ್ಮದು. ಹೊಸಪೇಟೆ ಕಡೆ ಹುಟ್ಟಿ ದೊಡ್ಮನೆ ಸಿನಿಮಾ ಬಗ್ಗೆ ತಕರಾರು ತೆಗೆಯೋದು ಸಣ್ಣ ವಿಷಯ ಅಲ್ಲ ಅಂತ ಗೊತ್ತು. ಅಭಿಮಾನ ನನಗೂ ಐತೆ. ಅಭಿಮಾನ ಇದ್ದ ಮಾತ್ರಕ್ಕೆ ಬಾಯಿಗೆ ಬೀಗ ಹಾಕ್ಕೋಬೇಕಾ?

ಕಥೆಯ ಬೇರು ಪರ್ವತವಾಣಿಯವರ ನಾಟಕದಲ್ಲಿ, ಅದರ ಬೇರು ಶೇಕ್ಸ್‌ಪಿಯರ್‌ನ ‘ದಿ ಟೇಮಿಂಗ್ ಆಫ್ ದಿ ಶ್ರೂ’ನಲ್ಲಿ. ಅದು 1590ರ ದಶಕದ್ದು. ಅಲ್ಲಿ ಗಂಡ ಹೆಂಡತಿಗೆ ಊಟ ಕೊಡಲ್ಲ, ನಿದ್ದೆ ಮಾಡೋಕೆ ಬಿಡಲ್ಲ. ಬೇಟೆ ಗಿಡುಗ ಪಳಗಿಸಿದ ಹಂಗೆ ಪಳಗಿಸ್ತೀನಿ ಅಂತ ಅವನೇ ಹೇಳ್ತಾನೆ. ಕೊನೆಗೆ ಅವಳು ಗಂಡನ ಪಾದದ ಕೆಳಗೆ ಕೈ ಇಡೋಕೂ ಸಿದ್ಧ ಅಂತ ಭಾಷಣ ಮಾಡ್ತಾಳೆ. ನಮ್ಮ ಸಿನಿಮಾದಲ್ಲೂ ದಾರಿ ಅದೇ: ಯಾರಿಗೂ ಬಗ್ಗದ ಶ್ರೀಮಂತರ ಮಗಳು, ಅವಳನ್ನ ಮದುವೆ ಆಗಿ ಬಗ್ಗಿಸೋ ಹೀರೋ.

ಇಲ್ಲಿ ಲೆಕ್ಕ ಟ್ಯಾಲಿ ಆಗಲ್ಲ. ಬದಲಾಗೋದೆಲ್ಲ ಅವಳ ಖಾತೆಯಲ್ಲೇ. ಅವನು ಏನು ಕಲಿತ?

ತಮಾಷೆ ಏನಂದ್ರೆ, ಜನ ಈ ಸಿನಿಮಾದಿಂದ ಇವತ್ತಿಗೂ ನೆನಪಿಟ್ಕೊಂಡಿರೋದು ಮಾಲಾಶ್ರೀ ಕುಡಿದು ಕುಣಿಯೋ ಹಾಡು, ಮಂಜುಳಾ ಗುರುರಾಜ್ ದನಿಯಲ್ಲಿ. ಆರ್ಕೆಸ್ಟ್ರಾದಲ್ಲಿ ಶಿಳ್ಳೆ ಬೀಳೋದು ಅದಕ್ಕೇ. ಪಳಗಿದ ಹೆಂಡತಿಗೆ ಯಾರಾದ್ರೂ ಶಿಳ್ಳೆ ಹೊಡೆದಿದ್ದು ನೋಡೀರಾ? ಜನರಿಗೆ ಇಷ್ಟ ಆದದ್ದು ಬಗ್ಗದ ಹುಡುಗಿ. ಕಥೆಗೆ ಬೇಕಾಗಿದ್ದು ಬಗ್ಗಿದವಳು.

5/7
ಕಮೆಂಟ್‌ನಲ್ಲಿ ಬರೋದಕ್ಕೆ ಈಗಲೇ ಉತ್ತರ.

‘ಆ ಕಾಲ ಹಂಗಿತ್ತು.’ 1989ಕ್ಕೂ 1990ಕ್ಕೂ ನಡುವೆ ಎಷ್ಟು ಕಾಲ ಐತೆ ಹೇಳ್ರಿ. ಅದೇ ಕಾಲ, ಅದೇ ಥಿಯೇಟರ್, ಅದೇ ಜನ. ಒಬ್ಬರು ಹೆಣ್ಣನ್ನ ಬಗ್ಗಿಸಿ ನಗಿಸಿದ್ರು, ಇನ್ನೊಬ್ಬರು ಬಗ್ಗಿಸದೇನೇ ನಗಿಸಿದ್ರು. ಕಾಲದ ಮೇಲೆ ತಪ್ಪು ಹೊರಿಸ್ಬ್ಯಾಡ್ರಿ.

‘ಸಿನಿಮಾನ ಸಿನಿಮಾ ಥರ ನೋಡು.’ ಅದನ್ನೇ ಮಾಡ್ತಿದೀನಿ. ಎರಡೂವರೆ ಗಂಟೆ ಕೂತು ನೋಡಿ ಮಾತಾಡ್ತಿದೀನಿ. ಮೂವತ್ತು ಸೆಕೆಂಡ್ ಕತ್ತರಿಸಿ ಸ್ಟೋರಿಗೆ ಹಾಕಿದೋರು ಸಿನಿಮಾ ನೋಡಿಲ್ಲ, ಬರೀ ಏಟು ನೋಡಿದಾರೆ.

‘ಹಂಗಾದ್ರೆ ನಂಜುಂಡಿ ಕಲ್ಯಾಣ ನೋಡ್ಬಾರ್ದಾ?’ ನೋಡ್ರಿ. ಮಾಲಾಶ್ರೀಗೋಸ್ಕರ ನೋಡ್ರಿ. ಎಲ್ಲಿ ನಗ್ತಿದೀವಿ ಅಂತ ಗಮನ ಇಟ್ಟು ನೋಡ್ರಿ.

6/7
ಇಷ್ಟಕ್ಕೆ ಇಷ್ಟುದ್ದ ಯಾಕೆ ಬರೆದೆ? ನಮ್ಮ ಮಲಪನಗುಡಿಯಲ್ಲಿ, ಕಮಲಾಪುರದಲ್ಲಿ, ಸಂಡೂರು-ಕಂಪ್ಲಿ ಕಡೆ, ಡಿಗ್ರಿ ಮುಗಿಯೋ ಹೊತ್ತಿಗೆ ಹುಡುಗೀರ ಮನೆಯಲ್ಲಿ ಒಂದು ಮಾತು ಶುರು ಆಗುತ್ತೆ. ಎದುರು ಮಾತಾಡೋಳಾದ್ರೆ, ಎಂ.ಕಾಂ ಮಾಡ್ತೀನಿ ಅಂದೋಳಾದ್ರೆ, ದೊಡ್ಡಮ್ಮನೋ ಅತ್ತೆನೋ ನಗ್ತಾ ಅಂತಾರೆ: ‘ಬಿಡು, ಮದುವೆ ಆದ್ರೆ ಸರಿ ಹೋಗ್ತಾಳೆ.’

ಆ ಒಂದು ವಾಕ್ಯದಲ್ಲಿ ಇಡೀ ಸ್ಕ್ರಿಪ್ಟ್ ಐತೆ. ಅವಳು ಸರಿ ಇಲ್ಲ, ಸರಿ ಮಾಡೋನು ಬರ್ತಾನೆ, ಆಮೇಲೆ ಶುಭಂ. ಹೇಳೋರು ಕೆಟ್ಟೋರಲ್ಲ. ಅವರಿಗೆ ಅದು ತಮಾಷೆ. ಅದು ತಮಾಷೆ ಅಂತ ಅವರಿಗೆ ಕಲಿಸಿದ್ದರಲ್ಲಿ ಇಂಥ ಕಥೆಗಳ ಪಾಲೂ ಐತೆ. ನೀವು ಸ್ಟೋರಿಗೆ ಹಾಕೋ ಕ್ಲಿಪ್ ಅದನ್ನೇ ಇನ್ನೊಂದು ತಲೆಮಾರಿಗೆ ಕಲಿಸ್ತೈತೆ.

ಕ್ಲಾಸಿನ ಹುಡುಗ್ರೇ, ನಿಮಗೂ ಇದರಲ್ಲಿ ಲಾಭ ಇಲ್ಲ. ಪಳಗಿಸೋದೇ ಗಂಡಸ್ತನ ಅಂತ ನಂಬಿದೋನಿಗೆ ಜೀವನ ಪೂರ್ತಿ ಮನೆಯಲ್ಲಿ ಕಾವಲು ಕೆಲಸ. ಗಣೇಶನ ಥರ ಪೆದ್ದ ಆಗೋಕೆ ಒಪ್ಪಿದೋನಿಗೆ ಮನೆಯಲ್ಲಿ ಒಬ್ಬಳು ಗೆಳತಿ ಸಿಗ್ತಾಳೆ.

7/7
ಕೆಲಸ ಕೊಡ್ತೀನಿ. ಈ ಭಾನುವಾರ ‘ಗಣೇಶನ ಮದುವೆ’ ಪೂರ್ತಿ ನೋಡ್ರಿ. ಫೋನಲ್ಲಿ ಒಬ್ಬೊಬ್ಬರೇ ಅಲ್ಲ, ಟಿವಿಗೆ ಹಾಕಿ ಮನೆಯೋರ ಜೊತೆ. ದೊಡ್ಡಮ್ಮನ್ನೂ ಕರೀರಿ. ಕೆಲವು ಕಡೆ ಎಳೆಯುತ್ತೆ, ಚಹಾ ಮಾಡ್ಕೊಂಡು ಬರೋಕೆ ಟೈಮ್ ಸಿಗುತ್ತೆ.

ಆಮೇಲೆ ಯಾವುದೇ ಜಗಳದ ಕ್ಲಿಪ್ ಹಂಚೋ ಮುಂಚೆ ಒಂದೇ ಪ್ರಶ್ನೆ ಕೇಳ್ಕೊಳ್ರಿ: ಇದರಲ್ಲಿ ಅವನೂ ಏನಾದ್ರೂ ಸೋತನಾ? ಹೌದಾದ್ರೆ ಹಂಚ್ರಿ, ನನಗೂ ಕಳಿಸ್ರಿ. ಇಲ್ಲಾಂದ್ರೆ ಡಿಲೀಟ್ ಬಟನ್ ಎಲ್ಲೈತೆ ಅಂತ ನಿಮಗೇ ಗೊತ್ತು.

ಬೈಯೋರು ಬೈರಿ, ಸಿನಿಮಾ ನೋಡಿ ಬಂದು ಬೈರಿ.

#ಗಣೇಶನಮದುವೆ #ಅನಂತ್‌ನಾಗ್ #ವಿನಯಾಪ್ರಸಾದ್ #ಹಳೇಕನ್ನಡಸಿನಿಮಾ #ಹೊಸಪೇಟೆ #ಮಲಪನಗುಡಿ